ಐದು ಚೀಲ ಜೋಳದ ಅಫಿಡವಿಟ್

ಅಥವಾ ಮೂರೇ ಚೀಲ ಇದ್ದಿರಬಹುದು. ಐದು ಎಂದು ಬರೆದವಳು ನಾನು. ಬರೆದ ಮೇಲೆ ಅದು ಐದೇ ಆಗಿ ಕೂತಿದೆ. ಈಗ ನೆನೆದರೆ ಕಾಣುವುದು ಇಷ್ಟು: ಕಲಬುರಗಿಯಲ್ಲಿ ಎಲ್ಲರೂ ಅಪ್ಪನ ಗುಡಿ ಎನ್ನುವ ಶರಣರ ಗುಡಿಯ ಹಿಂದಿನ ಅಂಗಳ, ಮಧ್ಯಾಹ್ನದ ಬಿಸಿಲು. ತಮ್ಮ ತನ್ನ ಗೂಡ್ಸ್ ಗಾಡಿಯ ಹಿಂದಿನ ಕೊಂಡಿ ತೆಗೆದು ಒಂದೊಂದೇ ಜೋಳದ ಚೀಲವನ್ನು ಬೆನ್ನ ಮೇಲೆ ಹೊತ್ತು ದಾಸೋಹದ ಉಗ್ರಾಣಕ್ಕೆ ಒಯ್ಯುತ್ತಿದ್ದಾನೆ. ಕೊರಳಲ್ಲಿ ಕೆಂಪು ಟವೆಲ್. ಟವೆಲ್ ಬಗ್ಗೆ ನನಗೆ ಅನುಮಾನವಿದೆ. ಅವನು ಟವೆಲ್ ಹಾಕಿಕೊಂಡದ್ದನ್ನು ಬೇರೆ ಎಂದೂ ನಾನು ಕಂಡಿಲ್ಲ. ನನ್ನದೇ ಯಾವುದೋ ಕಥೆಯಿಂದ ತಂದು ಅವನ ಕೊರಳಿಗೆ ಹಾಕಿರಬೇಕು.

ಕಥೆಯಾಗಿದ್ದರೆ ಟವೆಲ್ಲಿನ ಬಣ್ಣ ಯಾರಿಗೂ ಬೇಕಾಗುತ್ತಿರಲಿಲ್ಲ. ಆದರೆ ಈ ಚೀಲಗಳ ಸಂಗತಿಯನ್ನು ನಾನು ಪ್ರಮಾಣ ಮಾಡಿ ಹೈಕೋರ್ಟಿಗೆ ಬರೆದುಕೊಟ್ಟಿದ್ದೇನೆ. ತಮ್ಮ ಆಗ ಜೈಲಿನಲ್ಲಿದ್ದ. ಗಾಂಜಾ ಸಾಗಿಸಿದ್ದಕ್ಕೆ ಒಂಬತ್ತು ವರ್ಷ. ಮೂರು ಕಳೆದಿದ್ದವು. ಉಳಿದ ಆರರಲ್ಲಿ ಸಾಧ್ಯವಾದಷ್ಟನ್ನು ಕಡಿಮೆ ಮಾಡಿಸಬೇಕು ಎಂಬುದೊಂದೇ ನಮ್ಮ ಮನೆಗೆ ಉಳಿದಿದ್ದ ಕೆಲಸ. ಆ ಕೆಲಸದಲ್ಲಿ ನನ್ನ ಪಾಲಿಗೆ ಬಂದದ್ದು ಎರಡು ಪುಟ.

ಮೊದಲಿನಿಂದ ಹೇಳುತ್ತೇನೆ. ಮೊದಲು ಎಂಬುದು ಎಲ್ಲಿದೆ ಎಂದು ಖಚಿತವಿಲ್ಲ, ಆದರೂ ಎಲ್ಲಿಂದಲಾದರೂ ಹಿಡಿಯಬೇಕಲ್ಲ.

ನಮ್ಮ ಊರು ಕಮಲಾಪುರ. ಅವ್ವ, ತಮ್ಮ, ತಮ್ಮನ ಹೆಂಡತಿ ಅಲ್ಲಿಯ ಮನೆಯಲ್ಲಿ. ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಬಾಡಿಗೆಗೆ ಇದ್ದು ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ಕಥೆ ಬರೆಯುತ್ತೇನೆ. ಮನೆಯವರು ಯಾರೂ ನನ್ನ ಕಥೆ ಓದಿದವರಲ್ಲ. ರೇಷನ್ ಕಾರ್ಡಿನ ಅರ್ಜಿಯಿರಲಿ, ಲಗ್ನಪತ್ರಿಕೆಯಿರಲಿ, ಬರೆಯುವುದು ಮಾತ್ರ ನಾನೇ. ತಮ್ಮನು ಸುತ್ತಲಿನ ರೈತರ ತೋಟಗಳಿಂದ ಕೆಂಪು ಬಾಳೆ ತುಂಬಿಕೊಂಡು ಬೆಳಗಾಗುವ ಹೊತ್ತಿಗೆ ಕಲಬುರಗಿಯ ಮಾರ್ಕೆಟ್ಟಿಗೆ ಬರುತ್ತಿದ್ದ. ವಾರಕ್ಕೊಮ್ಮೆ ನನ್ನ ಮನೆಗೆ ಬಂದು, ಒಂದು ಹಣಿಗೆ ಬಾಳೆಹಣ್ಣು ಇಟ್ಟು, ನಿಂತೇ ಚಹಾ ಕುಡಿದು ಹೋಗುತ್ತಿದ್ದ. "ಕೂಡು" ಅಂದರೆ "ಗಾಡಿ ಚಾಲೂ ಅದ ಅಕ್ಕಾ" ಅನ್ನುತ್ತಿದ್ದ.

ಒಂದು ದಿನ ಹುಮನಾಬಾದ್ ರಸ್ತೆಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿದರು. ಬಾಳೆಯ ಕ್ರೇಟುಗಳ ಕೆಳಗೆ ಎರಡು ಗಂಟು. ತೂಗಿದಾಗ ಹನ್ನೊಂದು ಕಿಲೋ ಗಾಂಜಾ. ರಿಂಗ್ ರೋಡಿನಲ್ಲಿ ಯಾರೋ ಬಂದು ಇಳಿಸಿಕೊಳ್ಳುವವರಿದ್ದರಂತೆ. ಆ ಯಾರೋ ಯಾರು ಎಂದು ಅವನು ಠಾಣೆಯಲ್ಲೂ ಹೇಳಲಿಲ್ಲ, ಕೋರ್ಟಿನಲ್ಲೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಕೆಳಗಿನ ಕೋರ್ಟಿನಲ್ಲಿ ನಮ್ಮ ವಾದ, ಗಂಟಿನಲ್ಲಿ ಏನಿತ್ತೆಂದು ಅವನಿಗೆ ಗೊತ್ತಿರಲಿಲ್ಲ ಎಂಬುದು. ಆ ವಾದ ನಿಲ್ಲಲಿಲ್ಲ. ನಾನೂ ಅದನ್ನು ನಂಬಿರಲಿಲ್ಲ. ಗಾಂಜಾದ ವಾಸನೆ ಬಾಳೆಹಣ್ಣಿನ ಕೆಳಗೆ ಅಡಗುವಂಥದ್ದಲ್ಲ.

ಹೈಕೋರ್ಟಿಗೆ ಹೋಗಲು ನಾವು ಹಿಡಿದ ವಕೀಲರು ಅರವತ್ತು ದಾಟಿದವರು. ಕೋಟನೂರ ಕಡೆಯ ಹೊಸ ಲೇಔಟಿನಲ್ಲಿ ಮನೆ, ಕೆಳಗೆ ಆಫೀಸು. ಮನೆಮಂದಿಯ ಜೊತೆ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಫೈಲಿನ ಜೊತೆ ಇಂಗ್ಲಿಷು. ತಮ್ಮನ ಹೆಂಡತಿಯನ್ನು ಕರೆದುಕೊಂಡು ನಾನು ಮೊದಲ ಸಲ ಹೋದಾಗ ಅವರು ಕಾಗದಗಳನ್ನೆಲ್ಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗೊತ್ತಿದ್ದಿಲ್ಲ ಅಂತ ಇನ್ನೊಮ್ಮೆ ವಾದಾ ಮಾಡೋಣೇನ್ರಿ ಅಕ್ಕಾರ? ಮಾಡಬಹುದು. ಫೈಲು ಕಪಾಟಿನ್ಯಾಗ ಮಲಗ್ತದ. ಅದು ಎದ್ದು ಕೂಡೂದ್ರಾಗ ನಿಮ್ಮ ತಮ್ಮನ ಸಜಾನೇ ಮುಗೀತದ."

"ಮತ್ತೇನು ಮಾಡೂದ್ರಿ?"

"ಗುನ್ಹೆ ಒಪ್ಕೊಳ್ಳೂದು. ತಪ್ಪಾಗ್ಯಾದ, ಖರೇ, ಆದ್ರ ಸಜಾ ಜಾಸ್ತಿ ಆಗ್ಯಾದ ಅಂತ ಅಷ್ಟ ಕೇಳೂದು. ಮೊದಲನೇ ಸಲ. ವಯಸ್ಸು ಸಣ್ಣದು. ಮನ್ಯಾಗ ದುಡಿಯಾವ ಇವನೊಬ್ಬನ. ಮಾಲ್ ಇವನದಲ್ಲ, ಬರೇ ಹೊತ್ತಾವ. ಇಷ್ಟ ನಮ್ಮ ಕೇಸು."

ತಮ್ಮನ ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೇಳಿದಳು: "ಒಪ್ಕೊಂಡ್ರ ಯಾವಾಗ ಬಿಡ್ತಾರ್ರಿ ಸಾಹೇಬರ?"

"ಒಳಗ ಇದ್ದಿದ್ದ ಸಾಕು ಅಂತ ಅಂದ್ರ ಅವತ್ತ ಬರ್ತಾನಮ್ಮಾ. ಅನ್ನಲಿಲ್ಲ ಅಂದ್ರ ಒಂದೆರಡು ವರ್ಷನಾರ ಇಳೀತದ. ಅಲ್ಲಾಹ್ ಮೇಲೆ ಒಂದಿಷ್ಟು, ಜಡ್ಜ್ ಮೇಲೆ ಒಂದಿಷ್ಟು." ಆಮೇಲೆ ನನ್ನ ಕಡೆ ತಿರುಗಿ, "ನೀವು ಬರಿಯಾವ್ರಂತಲ್ಲ. ಮನೀ ಪರಿಸ್ಥಿತಿ ಎರಡು ಪಾನು ಬರ್ಕೊಂಡು ಬರ್ರಿ. ನಾವು ಇಂಗ್ಲಿಷ್ ಮಾಡ್ಕೋತೀವಿ. ನಿಮ್ಮ ಹೆಸರಲೇ ಅಫಿಡವಿಟ್ ಹಾಕೂನು. ಒಳ್ಳೆ ಮನಷ್ಯಾ ಅಂತ ಕಾಣಬೇಕು. ದೊಡ್ಡ ಮನಷ್ಯಾ ಅಂತ ಬ್ಯಾಡ್ರಿ ಮತ್ತ" ಎಂದರು.

ಈ ಕೊನೆಯ ಮಾತನ್ನು ಅವರು ಅಂದು ನಿಜವಾಗಿಯೂ ಆಡಿದರೋ, ಆದದ್ದೆಲ್ಲ ಆದ ಮೇಲೆ ನಾನು ಅವರ ಬಾಯಿಗೆ ಇಟ್ಟೆನೋ ಹೇಳಲಾರೆ. ತಮ್ಮನ ಹೆಂಡತಿಯನ್ನು ಕೇಳಿದೆ. ಅವಳಿಗೆ ನೆನಪಿಲ್ಲ. ಅವಳಿಗೆ ಆ ದಿನದ್ದು ನೆನಪಿರುವುದು "ಅವತ್ತ ಬರ್ತಾನಮ್ಮಾ" ಎಂಬುದೊಂದೇ.

ತಮ್ಮನ ಒಪ್ಪಿಗೆ ಬೇಕಿತ್ತು. ಜೈಲಿನ ಭೇಟಿಗೆ ನಾನೊಬ್ಬಳೇ ಹೋದೆ. ನಡುವೆ ಜಾಳಿಗೆ, ಅತ್ತಿತ್ತ ಬೇರೆಯವರ ಮಾತು, ಅಳು, ಮನೆಯ ಸುದ್ದಿ. ಅವನು ತೆಳ್ಳಗಾಗಿದ್ದ, ಕೈಗಳು ಸ್ವಚ್ಛವಾಗಿದ್ದವು. ಬಾಳೆಯ ಗೊನೆ ಹಿಡಿದು ಕಪ್ಪು ಹಿಡಿದಿದ್ದ ಕೈಗಳು ಬೆಳ್ಳಗಾಗಿದ್ದವು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

"ಒಪ್ಕೊಂಡ್ರ ಲಗೂ ಬರ್ತೀನೇನು?" ಎಂದ.

"ಲಗೂ ಆಗಬಹುದು ಅಂತಾರ."

"ಹಂಗಾದ್ರ ಒಪ್ಕೊ ನೀನಽ. ನನ್ನ ಪರವಾಗಿ ಸಣ್ಣವ ಇದ್ದಾಗಿಂದ ಎಷ್ಟೋ ಒಪ್ಕೊಂಡೀಯಲ್ಲ, ಇದೊಂದು ಹೆಚ್ಚಿಗಿ." ನಕ್ಕ. ಆಮೇಲೆ ದನಿ ಇಳಿಸಿ, "ಅವ್ವಗ ಹ್ಯಾಂಗ ಹೇಳ್ತಿ?" ಎಂದ.

ಹೌದು, ಅದೇ ಕಷ್ಟದ ಕೆಲಸವಾಗಿತ್ತು.

ಒಂದು ಭಾನುವಾರ ಕಮಲಾಪುರಕ್ಕೆ ಹೋದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗ ಜೈಲಿಗೆ ಹೋದ ಮೇಲೆ ಅವಳು ನೆರೆಮನೆಗಳಿಗೆ ಹೋಗುವುದನ್ನು ಬಿಟ್ಟಿದ್ದಳು. ಅವರೇ ಬಂದರೆ ಮಾತಾಡಿಸುತ್ತಿದ್ದಳು, ಬಂದವರನ್ನು ಉಣ್ಣದೆ ಹೋಗಗೊಡುತ್ತಿರಲಿಲ್ಲ. ನಾನು ತಪ್ಪೊಪ್ಪಿಗೆಯ ವಿಷಯ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹೇಳಿದ್ದು ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಲು ಹೊರಟೆ.

"ಕೇಳಸ್ತು," ಎಂದಳು. "ಕಳ್ಳ ಅಂತ ಬರಿ ಬೇಕಾದ್ರ. ಮಾಡ್ಯಾನ, ಉಣ್ಣಲಿ."

ನಾನು ಚಾಪೆಯ ಮೇಲೆ ಕೂತು ಬರೆಯತೊಡಗಿದೆ. ತಮ್ಮನ ಹೆಂಡತಿ ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಿದ್ದಳು. ನಾನು ಬರೆದ ಪ್ರತಿ ವಾಕ್ಯವನ್ನೂ ಅವ್ವನಿಗೆ ಓದಿ ಹೇಳುತ್ತಿದ್ದೆ. ಯಾಕೆ ಹಾಗೆ ಮಾಡಿದೆನೋ. ಒಬ್ಬಳೇ ಬ್ರಹ್ಮಪುರದ ಮನೆಯಲ್ಲಿ ಕೂತು ಬರೆದಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಬರೆದದ್ದು ಇಷ್ಟು: ತಂದೆ ತೀರಿಕೊಂಡಿದ್ದಾರೆ. ಕುಟುಂಬಕ್ಕೆ ಇವನೊಬ್ಬನೇ ಆಧಾರ. ಸ್ವಂತ ಹೊಲವಿಲ್ಲ. ಗಾಡಿ ಓಡಿದ ದಿನ ಒಲೆ ಉರಿಯುತ್ತದೆ. ಈಗ ಸೊಸೆ ಕೂಲಿಗೆ ಹೋಗುತ್ತಿದ್ದಾಳೆ, ತಾಯಿಗೆ ನೆರೆಯವರು ಕೊಟ್ಟದ್ದೇ ಊಟ—

ಅಲ್ಲಿಗೆ ಅವ್ವ ಕೈ ನಿಲ್ಲಿಸಿದಳು.

"ಏನಂದಿ?"

"ಕೋರ್ಟಿಗೆ ಹಂಗ ಬರೀಬೇಕವ್ವಾ. ಬಡತನ ತೋರಸ್ಬೇಕು."

"ಯಾರು ಕೊಟ್ಟಿದ್ದು ಉಂಡೀನಿ ನಾ? ಹೆಸರ ಹೇಳು. ಇದು ಉಂಡವರ ಮನಿ ಅಲ್ಲ, ಉಣಿಸಿದವರ ಮನಿ. ನನ್ನ ಮಗನ್ನ ಕಳ್ಳ ಅನ್ರಿ, ಭಿಕಾರಿ ಅನಬ್ಯಾಡ್ರಿ."

"ಅತ್ತೀ, ಅದು ಬರೇ ಕಾಗದ..." ಎಂದಳು ತಮ್ಮನ ಹೆಂಡತಿ.

"ಕಾಗದಾ ನಾಳಿ ಊರೆಲ್ಲಾ ಓದ್ತದ. ನೀ ಸುಮ್ಮಕ ಕೂಡು. ಕೂಲಿಗಿ ಹೋಗ್ತಾಳಂತ, ಅದನ್ನೂ ಬರ್ದಾಳ ಇಕಿ!"

ಆ ಸಾಲನ್ನು ಹೊಡೆದು ಹಾಕಿದೆ. ಅವ್ವನ ಮುಖ ನೋಡಿದೆ. ಮೂರು ವರ್ಷ ಮನೆಯೊಳಗೇ ಕೂತವಳ ಮುಖ ಅದು. ನಾನು ಅವಳಿಗೆ ಏನಾದರೂ ಕೊಡಬೇಕಿತ್ತು. ಆಗ ನನಗೆ ಗುಡಿಯ ಅಂಗಳ ನೆನಪಾಯಿತು, ಚೀಲಗಳು ನೆನಪಾದವು. ಬರೆದೆ: ನನ್ನ ತಮ್ಮ ಪ್ರತಿ ವರ್ಷ ತಪ್ಪದೆ ದಾಸೋಹಕ್ಕೆ ಐದು ಚೀಲ ಜೋಳ ಅರ್ಪಿಸುತ್ತಾ ಬಂದಿದ್ದಾನೆ, ನೂರಾರು ಯಾತ್ರಿಕರಿಗೂ ಬಡ ವಿದ್ಯಾರ್ಥಿಗಳಿಗೂ ಅನ್ನವಿಕ್ಕಿದ ಮನೆತನ ನಮ್ಮದು.

ಓದಿ ಹೇಳಿದೆ. ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ಸದ್ದು ಮೊದಲಿನದಕ್ಕಿಂತ ಹಗುರವಾಗಿತ್ತು. ಇಲ್ಲ, ಸದ್ದು ಹಗುರವಾಗಿತ್ತು ಅನ್ನುವುದು ನನ್ನ ಸೇರ್ಪಡೆ. ಅವಳು ರೊಟ್ಟಿ ಬಡಿದಳು, ಅಷ್ಟೇ. ತಮ್ಮನ ಹೆಂಡತಿ ತಲೆಯೆತ್ತಿ ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಅಕ್ಕಿಯ ಕಡೆ ತಿರುಗಿದಳು. ಇದು ಮಾತ್ರ ಆಗಿದ್ದು ನಿಜ.

ನಮ್ಮ ಕಡೆ ಒಬ್ಬ ಮನುಷ್ಯ ಒಳ್ಳೆಯವನೆಂದು ಹೇಳಲು ಬೇರೆ ದಾರಿ ಅಷ್ಟಾಗಿ ಇಲ್ಲ. ಸತ್ಯವಂತ, ಶಾಂತ ಸ್ವಭಾವದವ ಅಂದರೆ ಜನ ಹೂಂ ಅನ್ನುತ್ತಾರೆ. ಇಂಥವರ ಮನೆಯಲ್ಲಿ ಹಸಿದು ಬಂದವ ಹಸಿದು ಹೋಗಿಲ್ಲ ಅಂದರೆ ಮಾತು ಮುಗಿಯಿತು. ಸತ್ತವರ ಬಗ್ಗೆ ಹೇಳುವುದೂ ಅದನ್ನೇ, ಹೆಣ್ಣು ಕೊಡುವಾಗ ವಿಚಾರಿಸುವುದೂ ಅದನ್ನೇ. ಊರ ಹಿರಿಯರು ಹನ್ನೆರಡು ಮಂದಿ ನನ್ನ ಎರಡು ಪುಟಕ್ಕೆ ಬೆಂಬಲದ ಸಹಿ ಹಾಕಿದರು. ಒಬ್ಬರು ಓದಿಸಿ ಕೇಳಿ, "ಐದು ಚೀಲಾ ಯಾಕ ಬರ್ದೀರಿ, ಹತ್ತು ಬರೀರಿ, ನಮ್ಮ ಹುಡುಗಗ ಯಾರು ತೂಕಾ ಹಾಕ್ತಾರ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಉಳಿದ ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಅದು ತಪ್ಪು ಎಂದು ತೋರಲಿಲ್ಲ. ಹತ್ತು ಎಂದು ಬರೆಯದೆ ಬಿಟ್ಟದ್ದನ್ನು ನಾನು ನನ್ನ ಪ್ರಾಮಾಣಿಕತೆ ಎಂದುಕೊಂಡೆ.

ವಕೀಲರು ಅದನ್ನು ಕಾರು ಹತ್ತುವ ಅವಸರದಲ್ಲಿ ಓದಿದರು. "ಚಲೋ ಬರ್ದೀರಿ," ಎಂದು ತಮ್ಮ ಆಫೀಸಿನವರ ಕೈಗೆ ಕೊಟ್ಟರು. ಅಲ್ಲಿ ಇಂಗ್ಲಿಷಾಯಿತು. ನೋಟರಿಯ ಮುಂದೆ ಸಹಿ ಹಾಕಿದೆ. ಮೇಲೆ ಹೇಳಿದ್ದೆಲ್ಲ ನನಗೆ ತಿಳಿದ ಮಟ್ಟಿಗೆ, ನಂಬಿದ ಮಟ್ಟಿಗೆ ಸತ್ಯ ಎಂದು ಕೊನೆಯ ಸಾಲಿನಲ್ಲಿತ್ತು. ಇಪ್ಪತ್ತು ವರ್ಷದಿಂದ ಕಥೆ ಬರೆಯುತ್ತಾ, ನೆನಪು ಹೇಳುವುದನ್ನು ನಂಬಬಾರದು ಎಂದು ಅವರಿವರಿಗೆ ಉಪದೇಶ ಮಾಡುತ್ತಾ ಬಂದವಳು ನಾನು. ಪೆನ್ನು ಸರಿಯಾಗಿ ಮೂಡಲಿಲ್ಲವೆಂದು ಎರಡು ಸಲ ತಿದ್ದಿ ಸಹಿ ಮಾಡಿದೆ.

ವಿಚಾರಣೆಯ ದಿನ ನಾನೂ ತಮ್ಮನ ಹೆಂಡತಿಯೂ ಕೋರ್ಟಿನ ಹಿಂದಿನ ಸಾಲಿನಲ್ಲಿ ನಿಂತಿದ್ದೆವು. ತಮ್ಮನನ್ನು ಕರೆತಂದಿರಲಿಲ್ಲ, ಅಪೀಲಿನಲ್ಲಿ ಅದರ ಅಗತ್ಯವಿಲ್ಲವಂತೆ. ಅವನ ವರ್ಷಗಳ ಮಾತು ಅವನಿಲ್ಲದೆ ನಡೆಯಿತು. ವಾದವೆಲ್ಲ ಇಂಗ್ಲಿಷಿನಲ್ಲಿ. ನಮ್ಮ ವಕೀಲರು ಚೆನ್ನಾಗಿಯೇ ಮಾತಾಡಿದರು. ಹಿಂದೆ ಯಾವ ಕೇಸೂ ಇಲ್ಲ, ಜೈಲಿನಲ್ಲಿ ನಡತೆ ಒಳ್ಳೆಯದಿದೆ, ಮಾಲಿನ ಒಡೆಯ ಇವನಲ್ಲ, ಸಿಕ್ಕಿದ್ದು ಬಾಡಿಗೆಗೆ ಹೊತ್ತವನು ಮಾತ್ರ. ನ್ಯಾಯಮೂರ್ತಿಗಳು ತಲೆಯಾಡಿಸುತ್ತಾ ಬರೆದುಕೊಳ್ಳುತ್ತಿದ್ದರು. ತಮ್ಮನ ಹೆಂಡತಿ ನನ್ನ ಮೊಣಕೈ ಹಿಡಿದು, "ಚಲೋ ನಡದದಲ್ಲಕ್ಕಾ?" ಎಂದು ಪಿಸುಗುಟ್ಟಿದಳು. ನಡೆದಿತ್ತು.

ಆಮೇಲೆ ಸರ್ಕಾರದ ಕಡೆಯ ವಕೀಲರು ಎದ್ದರು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ದನಿಯಲ್ಲಿ ಯಾವ ಹಗೆಯೂ ಇರಲಿಲ್ಲ. ನನ್ನ ಅಫಿಡವಿಟ್ಟಿನ ಎರಡು ಕಂಡಿಕೆಗಳನ್ನು ಒಂದರ ಹಿಂದೆ ಒಂದು ಓದಿದರು. ಒಂದರಲ್ಲಿ, ಗಾಡಿ ಓಡಿದ ದಿನ ಮಾತ್ರ ಒಲೆ ಉರಿಯುವ ಮನೆ. ಇನ್ನೊಂದರಲ್ಲಿ, ವರ್ಷಾ ವರ್ಷಾ ಐದು ಚೀಲ ಜೋಳ ದಾನ ಕೊಟ್ಟು ನೂರಾರು ಜನರಿಗೆ ಉಣಿಸುವ ಮನೆ. ಎರಡರಲ್ಲಿ ಒಂದು ಸುಳ್ಳಿರಬೇಕು ಎಂದರು. ಎರಡನೆಯದು ನಿಜವಾದರೆ, ಬಾಳೆಹಣ್ಣು ಸಾಗಿಸುವವನಿಗೆ ಅದು ಎಲ್ಲಿಂದ ಬಂತು? ಒಂದೇ ಸಲ ಹೊತ್ತು ಸಿಕ್ಕಿಬಿದ್ದವನ ಮನೆಯ ಚಿತ್ರ ಇದಲ್ಲ. ವರ್ಷಗಳಿಂದ ಇದರಲ್ಲಿದ್ದು, ಊರಲ್ಲಿ ಹೆಸರು ಗಳಿಸಿದವನ ಚಿತ್ರ. ಹನ್ನೆರಡು ಸಹಿಗಳೂ ಅದನ್ನೇ ಹೇಳುತ್ತಿವೆ. ಇಷ್ಟು ಹೇಳಿ ಕೂತರು. ಎರಡು ನಿಮಿಷವೂ ಆಗಿರಲಿಲ್ಲ.

ನಮ್ಮ ವಕೀಲರು ಎದ್ದು, ಈ ಭಾಗದಲ್ಲಿ ತಾನು ಅರ್ಧ ಹೊಟ್ಟೆ ಉಂಡವನೂ ದಾಸೋಹಕ್ಕೆ ಕೊಡುತ್ತಾನೆ, ಅದು ಶ್ರೀಮಂತಿಕೆಯ ಗುರುತಲ್ಲ ಎಂದರು. ನಿಜ ಅದು. ನಾನು ಹಿಂದೆ ನಿಂತು ಜೋರಾಗಿ ಹೌದು ಅನ್ನಬೇಕೆಂದಿದ್ದೆ.

ನ್ಯಾಯಮೂರ್ತಿಗಳು ತಲೆಯೆತ್ತಿ, ಅಲ್ಲಿಯತನಕ ಆಡದಿದ್ದ ಕನ್ನಡದಲ್ಲಿ, "ಐದು ಚೀಲ?" ಎಂದು ಕೇಳಿದರು.

ಅವರು ನಕ್ಕರು ಎಂದು ತಮ್ಮನ ಹೆಂಡತಿ ಹೇಳುತ್ತಾಳೆ. ನನಗೆ ನಗು ಕಾಣಲಿಲ್ಲ. ವಕೀಲರನ್ನು ಕೇಳಿದರೆ ಅವರು, ಜಡ್ಜ್ ತಲೆಯನ್ನೇ ಎತ್ತಲಿಲ್ಲ, ಕಾಗದ ನೋಡುತ್ತಲೇ ಕೇಳಿದರು ಅನ್ನುತ್ತಾರೆ. ಮೂವರೂ ಒಂದೇ ಕೋಣೆಯಲ್ಲಿದ್ದೆವು, ಆಗಿದ್ದು ಎರಡು ಪದ.

ಹೊರಗೆ ವರಾಂಡದಲ್ಲಿ ವಕೀಲರು ಕೋಟು ತೆಗೆದು ತೋಳಿಗೆ ಹಾಕಿಕೊಂಡರು. ಅವರು ಕೂಗಾಡಲಿಲ್ಲ.

"ನಿಮ್ಮ ಕೈಯಾಗ ಪೆನ್ ಕೊಟ್ಟಿದ್ದು ನನ್ನ ಗಲ್ತಿ ಅಕ್ಕಾರ. ನೆಟ್ಟಗ ಓದದಽ ಹಾಕಿದ್ದು ಅದಕ್ಕಿಂತ ದೊಡ್ಡ ಗಲ್ತಿ. ಮೂವತ್ತು ವರ್ಷ ವಕೀಲಿ ಮಾಡೀನಿ. ಸಾಕ್ಷಿದಾರರು ಕೆಡಿಸ್ಯಾರ, ಪಂಚರು ಕೆಡಿಸ್ಯಾರ. ಜೋಳಾ ಕೆಡಿಸಿದ ಕೇಸು ಇದಽ ಮೊದಲನೇದು."

"ಮತ್ತ ಹಿಂದಕ್ಕ ತೊಗೊಳ್ಳಾಕ ಬರಂಗಿಲ್ಲೇನ್ರಿ?"

"ಏನಂತ ತೊಗೋತೀರಿ? ಜೋಳಾ ಕೊಟ್ಟಿಲ್ಲ ಅಂತ? ಆಗ ಬಡತನಾನೂ ಸುಳ್ಳಿರಬೇಕು ಅಂತಾರ. ಈಗ ಸುಮ್ಮ ಇರೂದ ಚಲೋ." ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಕೇಳಿದರು: "ಖರೇನಽ ಕೊಡ್ತಿದ್ನೇನ್ರಿ ಅವ? ಐದು ಚೀಲಾ?"

"ಕೊಡ್ತಿದ್ದ" ಎಂದೆ. ಯಾಕೆಂದರೆ ನನಗೆ ಕಾಣುತ್ತಿತ್ತು. ಅಂಗಳ, ಬಿಸಿಲು, ಬೆನ್ನು.

ಬಸ್ ಸ್ಟ್ಯಾಂಡಿಗೆ ಹೋಗುವ ರಿಕ್ಷಾದಲ್ಲಿ ತಮ್ಮನ ಹೆಂಡತಿ ಬಹಳ ಹೊತ್ತು ಹೊರಗೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು.

"ಆ ಜೋಳಾ ನಮ್ಮದಲ್ಲಕ್ಕಾ."

"ಏನು?"

"ಊರಾಂದು. ಒಬ್ಬೊಬ್ಬರ ಮನೀಲಿಂದ ಒಂದ್ ಸೇರು, ಎರಡ್ ಸೇರು ಕೂಡಿಸಿದ್ರು. ಗಾಡಿ ಇವರದಿತ್ತಲ್ಲ, ಒಯ್ದು ಇಳಿಸಿ ಬಾ ಅಂದ್ರು. ಇಳಿಸಿ ಬಂದ್ರು. ಒಂದಽ ವರ್ಷ. ನೀವು ಅವತ್ತು ಗುಡಿಗೆ ಬಂದಿದ್ರಿ, ನೋಡೀರಿ."

"ಮತ್ತ ಬರಿಯಾಗ ಯಾಕ ಹೇಳ್ಲಿಲ್ಲ?"

ಆಗ ನನ್ನ ಕಡೆ ತಿರುಗಿದಳು. "ಅತ್ತಿ ಕೇಳ್ಲಾಕತ್ತಿದ್ರು. ಮೂರು ವರ್ಷದಾಗ ಅವತ್ತ ಅವರ ಮಾರಿ ಒಂದೀಟು ನೆಟ್ಟಗಾಗಿತ್ತು. ನಾ ಏನಂತ ಬಾಯಿ ತಗೀಲಿ? ನೀವು ಕಲ್ತಾವ್ರು. ಕೋರ್ಟಿಗಿ ಹಿಂಗಽ ಬರೀತಾರೇನೋ ಅಂದ್ಕೊಂಡೆ."

ರಿಕ್ಷಾದವನು ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಅವಳು ಇಷ್ಟು ಹೇಳಿದ ಮೇಲೂ ನನ್ನ ಕಣ್ಣ ಮುಂದಿನ ಅಂಗಳದಲ್ಲಿ ಅವನು ಕೊಡುತ್ತಲೇ ಇದ್ದ. ಹೊರುವವನಿಗೂ ಕೊಡುವವನಿಗೂ ಬೆನ್ನು ಒಂದೇ ರೀತಿ ಬಾಗುತ್ತದೆ, ನೋಡಿದವಳು ಯಾವುದು ಬೇಕೋ ಅದನ್ನು ಬರೆದುಕೊಂಡಿದ್ದಳು. ಒಮ್ಮೆ ಕಂಡದ್ದು ಪ್ರತಿ ವರ್ಷವಾಗಿತ್ತು. ಊರಿನದು ನಮ್ಮದಾಗಿತ್ತು. ಕಮಲಾಪುರದ ಚಾಪೆಯ ಮೇಲೆ ಕೂತು ನಾನು ಸುಳ್ಳು ಬರೆದೆನೆಂದು ಹೇಳಿದರೆ ಅದೂ ಪೂರ್ತಿ ನಿಜವಲ್ಲ. ಬರೆಯುವಾಗ ಅದು ನನಗೆ ನೆನಪೇ ಆಗಿತ್ತು.

ಬಸ್ಸು ಬಂದಾಗ ಅವಳು ಹತ್ತುವ ಮೊದಲು, "ಅತ್ತಿಗ ಹೇಳಬ್ಯಾಡ್ರಿ" ಎಂದಳು. ಯಾವುದನ್ನು ಎಂದು ನಾನು ಕೇಳಲಿಲ್ಲ. ಜೋಳದ ನಿಜವನ್ನೋ, ಅದರಿಂದ ಕೋರ್ಟಿನಲ್ಲಿ ಆದದ್ದನ್ನೋ. ಎರಡನ್ನೂ ಹೇಳಿಲ್ಲ.

ತೀರ್ಪಿಗೆ ಐದಾರು ವಾರ ಹಿಡಿಯಿತು. ಆ ದಿನಗಳಲ್ಲಿ ನಾನು ಕಾಲೇಜಿಗೆ ಹೋದೆ, ಪಾಠ ಮಾಡಿದೆ, ಉತ್ತರಪತ್ರಿಕೆ ತಿದ್ದಿದೆ. ಬರೆಯಲು ಕೂತರೆ ಒಂದು ವಾಕ್ಯವೂ ನಿಲ್ಲುತ್ತಿರಲಿಲ್ಲ. "ಅವನು ಬಾಗಿಲು ತೆರೆದ" ಎಂದು ಬರೆದರೂ, ತೆರೆದನೇ, ನೀನು ನೋಡಿದೆಯಾ ಎಂದು ಯಾರೋ ಕೇಳಿದಂತಾಗುತ್ತಿತ್ತು. ಅವ್ವ ಮಾತ್ರ ಫೋನಿನಲ್ಲಿ ಪ್ರತಿ ಸಲವೂ ಕೇಳುತ್ತಿದ್ದಳು: "ಜಡ್ಜ್ ಸಾಹೇಬರಿಗಿ ದಾಸೋಹದ್ದು ತಿಳಿಸೀರೇನು?" ತಿಳಿಸೀವಿ ಅವ್ವಾ, ಅನ್ನುತ್ತಿದ್ದೆ. "ಹಂಗಾದ್ರ ಬಿಡ್ತಾರ. ಅನ್ನಾ ಹಾಕಿದವರನ್ನ ಯಾರೂ ಕೈ ಬಿಡಂಗಿಲ್ಲ." ಅವಳು ಒಂದು ಹೊಸ ಹೊದಿಕೆ ತರಿಸಿ ಇಟ್ಟಿದ್ದಳಂತೆ, ಮಗ ಬಂದರೆ ಹೊದೆಯಲಿಕ್ಕೆ.

ಒಂಬತ್ತು ಇದ್ದದ್ದು ಏಳಾಯಿತು.

ವಕೀಲರು ಫೋನು ಮಾಡಿ ಹೇಳಿದರು. ಎರಡು ಇಳಿದಿವೆ, ಅಲ್ಲಾಹ್‌ಗೆ ಶುಕ್ರ್ ಅನ್ರಿ ಎಂದರು. ಅವರ ದನಿಯಲ್ಲಿ ಸಂತೋಷವಿತ್ತೋ ಮುಜುಗರವಿತ್ತೋ ತಿಳಿಯಲಿಲ್ಲ. ತಮ್ಮನ ಹೆಂಡತಿ ಸುದ್ದಿ ಕೇಳಿ, "ಇನ್ನ ನಾಕು" ಎಂದಳು, ಅಷ್ಟೇ. ಅವ್ವ ಹೊದಿಕೆಯನ್ನು ಮಡಚಿ ಟ್ರಂಕಿನೊಳಗೆ ಇಟ್ಟಳಂತೆ.

ಜೈಲಿಗೆ ನಾನೇ ಹೋದೆ. ತೀರ್ಪಿನ ಸುದ್ದಿ ಅವನಿಗೆ ಮೊದಲೇ ತಲುಪಿತ್ತು. ನಾನು ಹೇಳಲು ಹೋದದ್ದು ಬೇರೆ. ಜಾಳಿಗೆಯ ಈ ಕಡೆ ನಿಂತು ಎಲ್ಲ ಹೇಳಿದೆ: ಅಫಿಡವಿಟ್ಟು, ಐದು ಚೀಲ, ಪ್ರತಿ ವರ್ಷ, ಸರ್ಕಾರಿ ವಕೀಲರು ಆಡಿದ ಮಾತು. ಅವನು ಕಿವಿಗೊಟ್ಟು ಕೇಳಿದ. ಮೊದಲು ನಕ್ಕ.

"ನಾ ಕೊಟ್ಟೀನಂತ? ಐದು ಚೀಲಾ? ನನಗಽ ಗೊತ್ತಿದ್ದಿಲ್ಲ ನೋಡಕ್ಕಾ. ಇಷ್ಟು ದೊಡ್ಡ ಸಾವಕಾರ ಇಲ್ಲೀ ಊಟಕ್ಕ ಪಾಳಿ ಹಚ್ಚಾಕತ್ತಾನ."

ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಕೈದಿಯೂ ನಕ್ಕ. ತಮ್ಮ ಅವನಿಗೆ, "ನಮ್ಮಕ್ಕ, ಕಥಿ ಬರೀತಾಳ" ಎಂದ.

ಅದರಲ್ಲಿ ಚುಚ್ಚುವುದೇನೂ ಇರಲಿಲ್ಲ. ಹೆಮ್ಮೆಯಿಂದಲೇ ಹೇಳಿದ. ನಾನು ಜಾಳಿಗೆಯನ್ನು ಹಿಡಿದುಕೊಂಡೆ.

"ನನ್ನಿಂದ ಎಷ್ಟು ವರ್ಷ ಹೋತೋ ಗೊತ್ತಿಲ್ಲ" ಎಂದೆ.

ಅವನು ಜಾಳಿಗೆಗೆ ಹತ್ತಿರ ಸರಿದ. "ಅವ್ವ ಖುಷಿ ಆದಳೇನು, ಬರ್ದಾಗ?" ಎಂದು ಕೇಳಿದ.

"ಆದಳು."

"ಆತು ಬಿಡು ಮತ್ತ." ಹೊತ್ತು ಮುಗಿದಿತ್ತು, ಕೈದಿಗಳನ್ನು ಒಳಗೆ ಕರೆಯುತ್ತಿದ್ದರು. ಎರಡು ಹೆಜ್ಜೆ ಹೋದವನು ನಿಂತ. "ಆಕಿ ಅಂದಿದ್ದು, ಆ ಸರ್ಕಾರಿ ವಕೀಲಬಾಯಿ... ಬಹಳ ವರ್ಷದಿಂದ ಅಂತ..." ಎಂದ. ಮಾತು ಮುಗಿಸಲಿಲ್ಲ. ನಾನು ಕೇಳಬಹುದಿತ್ತು. ಕೇಳಲು ಎರಡು ಸೆಕೆಂಡು ಇತ್ತು. ಹಿಂದಿನಿಂದ ಯಾರೋ ಅವನ ಹೆಗಲ ಮೇಲೆ ಕೈ ಇಟ್ಟರು, ಅವನು ಹೋದ.

ತೀರ್ಪಿನ ಪ್ರತಿ ನನ್ನ ಬಳಿ ಇದೆ. ಹಲವು ಸಲ ಓದಿದ್ದೇನೆ. ಅದರಲ್ಲಿ ದಾಸೋಹದ ಮಾತಿಲ್ಲ, ನನ್ನ ಅಫಿಡವಿಟ್ಟಿನ ಮಾತೂ ಇಲ್ಲ. ಮೊದಲ ಅಪರಾಧ ಎಂದಿದೆ, ಸಿಕ್ಕ ಮಾಲಿನ ತೂಕ ಹೇಳಿದೆ, ಕಡತದಲ್ಲಿರುವ ಎಲ್ಲವನ್ನೂ ಪರಿಗಣಿಸಿ ಏಳು ವರ್ಷ ಸೂಕ್ತವೆಂದು ಕಾಣುತ್ತದೆ ಎಂದಿದೆ. ಆ "ಎಲ್ಲವನ್ನೂ" ಎಂಬುದರಲ್ಲಿ ನನ್ನ ಎರಡು ಪುಟ ಎಷ್ಟು ಭಾರವಾಗಿ ಬಿದ್ದವೋ, ಬೀಳಲೇ ಇಲ್ಲವೋ, ಅದರಲ್ಲಿ ಬರೆದಿಲ್ಲ. ಅವು ಇಲ್ಲದಿದ್ದರೆ ಅವನು ಅಂದೇ ಮನೆಗೆ ಬರುತ್ತಿದ್ದನೇ, ಐದು ವರ್ಷಕ್ಕೆ ಬರುತ್ತಿದ್ದನೇ, ಹೇಗಿದ್ದರೂ ಏಳೇ ಆಗುತ್ತಿತ್ತೇ, ಗೊತ್ತಿಲ್ಲ. ವಕೀಲರಿಗೂ ಗೊತ್ತಿಲ್ಲ. ಅದು ಅವನ ಮೊದಲನೆಯ ಸಲವೇ ಆಗಿತ್ತೇ ಎಂಬುದೂ ನನಗೆ ಗೊತ್ತಿಲ್ಲ.